ಇಂಗ್ಲಿಷಿನ ಮೂಕಾಕ್ಷರಗಳು, ಡಚ್ಚರ ನಾಲಿಗೆ

ನೆದರ್‌ಲ್ಯಾಂಡ್ಸ್ ದೇಶದ ಐಂಡ್‌ಹೋವನ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ ಒಂದು ತಮಾಷೆಯ ಸಂಗತಿ ಹೇಳಿದಳು. ಅಲ್ಲಿನ ಶಾಲೆಯಲ್ಲಿ ಓದುವ ಅವಳ ಮಗ ಆಟದಲ್ಲಿ ಬಿದ್ದು ಮಂಡಿ ತರಚಿಕೊಂಡು ಬಂದವನು, "ಅಮ್ಮಾ, ನನ್ನ ಕ್ನೀ ನೋಯ್ತಿದೆ" ಎಂದನಂತೆ. "ಕ್ನೀ ಅಲ್ಲ ಕಣೋ, ನೀ" ಎಂದು ಇವಳು ತಿದ್ದಿದರೆ ಅವನು ಸುತರಾಂ ಒಪ್ಪಲಿಲ್ಲವಂತೆ. "ಸಾರ್, 'ಕೆ' ಇಲ್ಲಿ ಮೂಕ, ಬರೆಯಬೇಕು, ಹೇಳಬಾರದು ಅಂತ ನೀವು ಹೇಳಿಕೊಟ್ಟಿದ್ರಿ. ಈ ಊರಲ್ಲಿ ಎಲ್ಲರೂ ಹೇಳ್ತಾರಲ್ಲ!" ಎಂದು ನಕ್ಕಳು.

ಉಕ್ತಲೇಖನದ ಪೀರಿಯಡ್ಡು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪ್ರತಿ ವರ್ಷವೂ ಯಾವನಾದರೂ ಒಬ್ಬ ಹುಡುಗ ಎದ್ದು ನಿಂತು, "ಹೇಳದ ಅಕ್ಷರವನ್ನು ಬರೆಯುವುದೇಕೆ ಸಾರ್?" ಎಂದು ಕೇಳುತ್ತಿದ್ದ. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದ ಎಷ್ಟೋ ಮಕ್ಕಳು, ಲೆಕ್ಕದಲ್ಲಿ ಚುರುಕಾಗಿದ್ದವರು, ಕನ್ನಡದಲ್ಲಿ ಸೊಗಸಾದ ಪ್ರಬಂಧ ಬರೆಯುತ್ತಿದ್ದವರು, ಇಂಗ್ಲಿಷಿನ ಕಾಗುಣಿತ ಬಾರದೆಂಬ ಒಂದೇ ಕಾರಣಕ್ಕೆ ತಾವು ದಡ್ಡರೆಂದು ನಂಬಿ ಶಾಲೆ ಬಿಟ್ಟು ಹೋದದ್ದನ್ನು ನಾನು ಕಂಡಿದ್ದೇನೆ. ಆ ಹುಡುಗನ ಪ್ರಶ್ನೆ ಅಧಿಕಪ್ರಸಂಗವಾಗಿರಲಿಲ್ಲ. ಅದಕ್ಕೆ ಸರಿಯಾದ ಐತಿಹಾಸಿಕ ಉತ್ತರವಿದೆ, ಮತ್ತು ಆ ಉತ್ತರ ಸಿಕ್ಕುವುದು ಇಂಗ್ಲೆಂಡಿನಲ್ಲಿ ಅಲ್ಲ, ಕಡಲಿನ ಆಚೆ ದಡದಲ್ಲಿರುವ ಡಚ್ಚರ ನಾಡಿನಲ್ಲಿ.

ಇಂಗ್ಲಿಷ್ ಮತ್ತು ಡಚ್ ಒಂದೇ ಮನೆಯ ಮಕ್ಕಳು. ಹೆಸರಿಸಿ ಹೇಳುವುದಾದರೆ ಪಶ್ಚಿಮ ಜರ್ಮಾನಿಕ್ ಎಂಬ ಶಾಖೆಗೆ ಸೇರಿದವು. ಮಂಡಿಗೆ ಇಂಗ್ಲಿಷಿನವರು 'ಕೆ' ಬರೆದು 'ನೀ' ಎನ್ನುತ್ತಾರೆ. ಡಚ್ಚರು 'ಕೆ' ಬರೆದು 'ಕ್ನೀ' ಎಂದೇ ಹೇಳುತ್ತಾರೆ. ಇಂಗ್ಲಿಷಿನವರೂ ಒಂದು ಕಾಲಕ್ಕೆ ಹಾಗೆಯೇ ಹೇಳುತ್ತಿದ್ದರು; ಸುಮಾರು ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಆ 'ಕೆ' ನಾಲಿಗೆಯಿಂದ ಜಾರಿಹೋಯಿತು, ಕಾಗದದ ಮೇಲೆ ಮಾತ್ರ ಉಳಿಯಿತು. ಇನ್ನೂ ಹಿಂದಕ್ಕೆ ಹೋದರೆ ನಮ್ಮ 'ಆಜಾನುಬಾಹು' ಎಂಬ ಮಾತಿನಲ್ಲಿರುವ ಸಂಸ್ಕೃತದ 'ಜಾನು' ಕೂಡ ಇದೇ ಮೂಲದ ಶಬ್ದ. ಅಲ್ಲಿ 'ಜ' ಇರುವ ಜಾಗದಲ್ಲಿಯೇ ಇಲ್ಲಿ 'ಕೆ' ಇದೆ. ನೀವು ಮರೆತು ಬಿಟ್ಟುಬಿಟ್ಟಾಗ ಕೆಂಪು ಶಾಯಿಯ ಗುರುತು ಬೀಳುತ್ತಿದ್ದ ಆ ಮೂಕಾಕ್ಷರಕ್ಕೆ ಅಷ್ಟು ದೀರ್ಘವಾದ ವಂಶಾವಳಿಯಿದೆ.

ಮೂಕಾಕ್ಷರಗಳಲ್ಲಿ ಮಕ್ಕಳನ್ನು ಅತಿ ಹೆಚ್ಚು ಕಾಡಿದ್ದು 'ಜಿ-ಎಚ್' ಎಂಬ ಜೋಡಿ. ನೈಟ್, ಲೈಟ್, ಎಯ್ಟ್, ಡಾಟರ್: ಎಲ್ಲದರಲ್ಲಿಯೂ ಅದು ಸುಮ್ಮನೆ ಕುಳಿತಿರುತ್ತದೆ. ಇದೇ ಶಬ್ದಗಳು ಡಚ್ಚಿನಲ್ಲಿ ನಖ್ತ್, ಲಿಖ್ತ್, ಅಖ್ತ್, ದೊಖ್ತರ್. (ಈ ಲೇಖನದಲ್ಲಿ ಡಚ್ ಶಬ್ದಗಳಲ್ಲಿ ನಾನು ಬರೆಯುವ 'ಖ' ನಮ್ಮ ಮಹಾಪ್ರಾಣವಲ್ಲ, ಗಂಟಲು ಕೆರೆದಂತೆ ಹೊರಡುವ, ಉರ್ದುವಿನ 'ಖಬರ್', 'ಖುದಾ' ಶಬ್ದಗಳಲ್ಲಿ ಕೇಳಿಬರುವ ಧ್ವನಿ.) ಈಗ ಇವುಗಳ ಪಕ್ಕದಲ್ಲಿ ಸಂಸ್ಕೃತದ ನಕ್ತ, ಅಷ್ಟ, ದುಹಿತೃ ಶಬ್ದಗಳನ್ನು ಇಟ್ಟು ನೋಡಿ. ರಾತ್ರಿ ಸಂಚರಿಸುವವನು ನಕ್ತಂಚರ. ಡಚ್ಚರ ರಾತ್ರಿ ನಖ್ತ್. ನಡುವಿನ ವ್ಯಂಜನವನ್ನು ಮಾತಿನಲ್ಲಿ ಕಳೆದುಕೊಂಡವರು ಇಂಗ್ಲಿಷರು. ಕಳೆದುಕೊಂಡರೂ ಅದರ ಜಾಗವನ್ನು, ತೀರಿಕೊಂಡ ಹಿರಿಯರ ಕುರ್ಚಿಯಂತೆ, ಹಾಗೆಯೇ ಖಾಲಿ ಉಳಿಸಿಕೊಂಡಿದ್ದಾರೆ.

'ಕೆ'ಯಿಂದ ಆರಂಭವಾಗುವ ಇನ್ನೊಂದು 'ನೈಟ್' ಇದೆಯಲ್ಲ, ಕುದುರೆಯೇರಿದ ವೀರ, ಅದರ ಡಚ್ ಸೋದರ 'ಕ್ನೆಖ್ತ್'. ಅರ್ಥ ಮಾತ್ರ ಆಳು, ಸೇವಕ ಎಂದು. ಹಳೆಯ ಇಂಗ್ಲಿಷಿನಲ್ಲಿಯೂ ಅದಕ್ಕೆ ಹುಡುಗ, ಊಳಿಗದವನು ಎಂಬುದೇ ಅರ್ಥ. ಒಂದು ದಡದಲ್ಲಿ ಆಳು ಸರದಾರನಾದ, ಇನ್ನೊಂದು ದಡದಲ್ಲಿ ಆಳಾಗಿಯೇ ಉಳಿದ.

ಈ ಗಂಟಲ ಧ್ವನಿ ಡಚ್ಚಿನ ಮುದ್ರೆಯೆಂದೇ ಹೇಳಬೇಕು. ಇಂಗ್ಲಿಷಿನ 'ಗುಡ್' ಅವರಲ್ಲಿ 'ಖೂಟ್'. ದಕ್ಷಿಣದ ಬ್ರಾಬಾಂಟ್, ಲಿಂಬರ್ಖ್ ಪ್ರಾಂತಗಳಲ್ಲಿಯೂ ಬೆಲ್ಜಿಯಂನ ಫ್ಲಾಂಡರ್ಸಿನಲ್ಲಿಯೂ ಇದು ಮೃದುವಾಗಿ ಕೇಳುತ್ತದೆ, ಉತ್ತರದಲ್ಲಿ ಕಠೋರ. ಬ್ರಾಬಾಂಟಿನಲ್ಲಿ ಹುಟ್ಟಿದ ಚಿತ್ರಕಾರ ವ್ಯಾನ್ ಗೋ ನಿಮಗೆಲ್ಲ ಗೊತ್ತು. ಅಮೆರಿಕದವರು ಅವನನ್ನು 'ಗೋ' ಎನ್ನುತ್ತಾರೆ, ಇಂಗ್ಲೆಂಡಿನವರು 'ಗಾಫ್' ಎನ್ನುತ್ತಾರೆ. ಅವನ ಊರಿನವರ ಬಾಯಲ್ಲಿ ಅದು 'ಫಾನ್ ಖೊಖ್'. 1888ರಲ್ಲಿ ಫ್ರಾನ್ಸಿನ ಆರ್ಲ್ ಪಟ್ಟಣದಿಂದ ತಮ್ಮನಿಗೆ ಬರೆದ ಪತ್ರದಲ್ಲಿ ಅವನು, ಇಲ್ಲಿನ ಜನಕ್ಕೆ ನನ್ನ ಮನೆತನದ ಹೆಸರನ್ನು ಹೇಳಲಾಗದು, ಆದ್ದರಿಂದ ಪಟ್ಟಿಯಲ್ಲಿ ವಿನ್ಸೆಂಟ್ ಎಂದಷ್ಟೇ ಇರಲಿ ಎಂಬರ್ಥದ ಮಾತು ಬರೆದಿದ್ದಾನೆ. ಚಿತ್ರಗಳ ಮೇಲೆ ಅವನು ಹಾಕುತ್ತಿದ್ದ ಸಹಿಯೂ ವಿನ್ಸೆಂಟ್ ಎಂದೇ.

ಇನ್ನು 'ಎಸ್-ಸಿ-ಎಚ್' ಎಂಬ ಮೂರಕ್ಷರದ ಗುಂಪು. ಶಾಲೆ ಡಚ್ಚರಿಗೆ 'ಸ್ಖೋಲ್', ಹಡಗು 'ಸ್ಖಿಪ್'. ಹೇಗ್ ನಗರಕ್ಕೆ ಸೇರಿದ ಕಡಲತೀರದ ಊರು ಸ್ಖೇವನಿಂಗನ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಗೂಢಚಾರರನ್ನು ಪತ್ತೆಹಚ್ಚಲು ಅನುಮಾನ ಬಂದವರಿಂದ ಈ ಹೆಸರನ್ನು ಹೇಳಿಸುತ್ತಿದ್ದರೆಂಬ ಕಥೆ ಅಲ್ಲಿ ಜನಜನಿತ, ಏಕೆಂದರೆ ಜರ್ಮನರ ಬಾಯಲ್ಲಿ ಅದು 'ಶೇ' ಎಂದಾಗುತ್ತದೆ. ಇಂಗ್ಲಿಷಿನಲ್ಲಿಯೂ ಮನೆಯ ಶಬ್ದ 'ಶಿಪ್'. ಆದರೆ ಹಡಗಿನ ಯಜಮಾನನಿಗೆ ಡಚ್ ನಾವಿಕರಿಂದ ಕಡ ತಂದ ಶಬ್ದ 'ಸ್ಕಿಪ್ಪರ್'. ನಮ್ಮ ಕ್ರಿಕೆಟ್ ನಾಯಕನನ್ನು ಪತ್ರಿಕೆಗಳು ಕರೆಯುವುದೂ ಅದೇ ಹೆಸರಿನಿಂದ. ಒಂದೇ ಶಬ್ದದ ಎರಡು ರೂಪ, ಒಂದು ತವರಿನದು, ಒಂದು ನೆರೆಮನೆಯದು. ನಮ್ಮ ದೇಶದಲ್ಲಿಯೂ ಇದಕ್ಕೊಂದು ಸಾಕ್ಷಿ ಸಿಗುತ್ತದೆ. ಬಂಗಾಳದ ಚಿನ್ಸುರಾ 1825ರವರೆಗೆ ಡಚ್ಚರ ವಶದಲ್ಲಿತ್ತು. ಬಂಗಾಳಿಗರು ಇಂದಿಗೂ ಇಸ್ಪೀಟಿನ ಎಲೆಗಳನ್ನು 'ಇಸ್ಕಾಪನ್', 'ಹರತನ್', 'ರುಇತನ್' ಎನ್ನುತ್ತಾರೆ. ಡಚ್ಚರ ಸ್ಖೊಪ್ಪನ್, ಹಾರ್ತನ್, ರೌತನ್ ಎಂಬವೇ ಇವು. ಸ್ಖ ಎಂಬುದನ್ನು ಇಂಗ್ಲಿಷ್ ನಾವಿಕನ ಕಿವಿಯೂ ಬಂಗಾಳಿ ಜೂಜುಗಾರನ ಕಿವಿಯೂ 'ಸ್ಕ' ಎಂದೇ ಹಿಡಿದುಕೊಂಡಿವೆ.

ಸ್ವರಗಳ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಡಚ್ ಬರಹ ಇಂಗ್ಲಿಷಿಗಿಂತ ಹತ್ತಿರದ್ದು. ನಮ್ಮ ಹ್ರಸ್ವ ದೀರ್ಘಗಳ ಹಾಗೆ ಅವರಲ್ಲಿ ಒಂದು 'ಎ' ಬರೆದರೆ ಹ್ರಸ್ವ, ಎರಡು ಬರೆದರೆ ದೀರ್ಘ. 'ಮನ್' ಎಂದರೆ ಗಂಡಸು, 'ಮಾನ್' ಎಂದರೆ ಚಂದ್ರ. 'ಓ'ಕಾರವನ್ನು ಎರಡು ಸಲ ಬರೆದರೆ ದೀರ್ಘ ಓ. ಆದ್ದರಿಂದ ಇಂಗ್ಲಿಷಿನವನು 'ಬೂಟ್' ಎಂದು ಓದುವ ನಾಲ್ಕಕ್ಷರವನ್ನೇ ಡಚ್ಚನು 'ಬೋಟ್' ಎಂದು ಓದುತ್ತಾನೆ, ಅರ್ಥವೂ ದೋಣಿಯೇ. ಊಕಾರಕ್ಕೆ ಅವರು 'ಓ-ಇ' ಎಂಬ ಜೋಡಿಯನ್ನು ಬಳಸುತ್ತಾರೆ. 2023ರ ನವೆಂಬರ್ 12ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ವಿಶ್ವಕಪ್ ಪಂದ್ಯದಲ್ಲಿ ವಿರಾಟ್ ಕೊಹ್ಲಿಯನ್ನು ಬೌಲ್ಡ್ ಮಾಡಿದ ನೆದರ್‌ಲ್ಯಾಂಡ್ಸ್ ತಂಡದ ಬೌಲರನ ಹೆಸರಿನಲ್ಲಿಯೂ ಈ ಜೋಡಿಯಿದೆ. ಅವನು ರೋಲೊಫ್ ಅಲ್ಲ, ರೂಲೊಫ್. ಕನ್ನಡ ಲಿಪಿಗೆ ಸಿಕ್ಕದ ಸ್ವರಗಳೂ ಅವರಲ್ಲಿವೆ. ಮನೆ ಎಂಬರ್ಥದ ಶಬ್ದವನ್ನು ಹೇಳಬೇಕಾದರೆ ತುಟಿಯನ್ನು ಶಿಳ್ಳೆ ಹಾಕುವವರಂತೆ ದುಂಡಗೆ ಮಾಡಿ ಒಳಗಿನಿಂದ 'ಎಯ್' ಎನ್ನಲು ಯತ್ನಿಸಬೇಕು.

ಎಲ್ಲಕ್ಕಿಂತ ಸೋಜಿಗದ ಶಬ್ದ 'ನಾಮ್'. ಹೆಸರು ಎಂದೇ ಅರ್ಥ. ನಮ್ಮ ನಾಮಧೇಯದ ನಾಮವೇ ಅದು. ಇಂಗ್ಲಿಷಿನ 'ನೇಮ್' ಕೂಡ 1400ರಲ್ಲಿ ತೀರಿಕೊಂಡ ಕವಿ ಚಾಸರನ ಕಾಲದಲ್ಲಿ ಹೆಚ್ಚುಕಡಿಮೆ 'ನಾಮೆ' ಎಂದೇ ಕೇಳುತ್ತಿತ್ತು. ಕೊನೆಯ 'ಇ' ಅಕ್ಷರ ಆಗ ಮೂಕವಾಗಿರಲಿಲ್ಲ. ಆಮೇಲೆ, ಸುಮಾರು 1400ರಿಂದ 1700ರವರೆಗಿನ ಮುನ್ನೂರು ವರ್ಷಗಳಲ್ಲಿ, ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಒಂದರ ಹಿಂದೊಂದು ತಮ್ಮ ಸ್ಥಾನವನ್ನು ಬಿಟ್ಟು ಸರಿದವು. ನಾಮೆ ನೇಮ್ ಆಯಿತು, ಹೂಸ್ ಹೌಸ್ ಆಯಿತು, ವೀನ್ ವೈನ್ ಆಯಿತು. ಭಾಷಾವಿಜ್ಞಾನಿಗಳು ಇದನ್ನು ಮಹಾ ಸ್ವರಪಲ್ಲಟವೆನ್ನುತ್ತಾರೆ. ಡಚ್ಚಿನಲ್ಲಿಯೂ ಕೆಲವು ಸ್ವರಗಳು ಸರಿದಿವೆ, ಅವರ ವೀನ್ ಕೂಡ ಈಗ 'ವೆಯ್ನ್'. ಆದರೆ ಅಲ್ಲಿ ಇಡೀ ಸಾಲು ಕದಲಲಿಲ್ಲ.

ದುರದೃಷ್ಟವೆಂದರೆ, ಇಂಗ್ಲಿಷಿನ ನಾಲಿಗೆ ಹೀಗೆ ಓಡುತ್ತಿದ್ದ ಹೊತ್ತಿನಲ್ಲಿಯೇ ಅದರ ಬರಹ ನಿಂತುಬಿಟ್ಟಿತು. ನಿಲ್ಲಿಸಿದ್ದು ಅಚ್ಚಿನ ಮೊಳೆ. ವಿಲಿಯಂ ಕ್ಯಾಕ್ಸ್‌ಟನ್ ಎಂಬ ವರ್ತಕ ಬಹುಕಾಲ ಡಚ್ ಮಾತನಾಡುವ ಸೀಮೆಯಲ್ಲಿದ್ದವನು; ಮೊದಲ ಇಂಗ್ಲಿಷ್ ಪುಸ್ತಕವನ್ನು ಅವನು ಅಚ್ಚು ಹಾಕಿದ್ದೇ 1473-74ರ ಸುಮಾರಿಗೆ ಫ್ಲಾಂಡರ್ಸಿನ ಬ್ರೂಖ ನಗರದಲ್ಲಿ. 1476ರಲ್ಲಿ ಅವನು ಲಂಡನ್ನಿನ ಬಳಿಯ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದ. ದೆವ್ವಕ್ಕೆ ಇಂಗ್ಲಿಷಿನವರು 'ಜಿ' ಆದ ಮೇಲೆ ಬರೆಯುವ ನಿಷ್ಪ್ರಯೋಜಕ 'ಎಚ್' ಆ ಮುದ್ರಣಾಲಯದಿಂದಲೇ ಬಂದದ್ದು. ಫ್ಲೆಮಿಷ್ ಬರಹದ ಅಭ್ಯಾಸ ಅದು. ಡಚ್ಚರು ಆ 'ಎಚ್' ಅನ್ನು ಎಂದೋ ಕೈಬಿಟ್ಟು ಬರಿಯ 'ಖೇಸ್ಟ್' ಆಗಿ ಬರೆಯುತ್ತಾರೆ. ಕೊಟ್ಟವರು ಬಿಟ್ಟರು, ಕಡ ತಂದವರು ಬಿಡಲಿಲ್ಲ. ಭಾರತದ ಶಾಲೆಗಳಲ್ಲಿ ಆ 'ಎಚ್' ಮರೆತದ್ದಕ್ಕೆ ಬೆಂಚಿನ ಮೇಲೆ ನಿಂತ ಮಕ್ಕಳ ಲೆಕ್ಕ ಯಾರಿಟ್ಟಿದ್ದಾರೆ?

1490ರಲ್ಲಿ ಅಚ್ಚಾದ ಒಂದು ಗ್ರಂಥದ ಮುನ್ನುಡಿಯಲ್ಲಿ ಕ್ಯಾಕ್ಸ್‌ಟನ್ ಒಂದು ಕಥೆ ಹೇಳುತ್ತಾನೆ. ಡಚ್ಚರ ಜೀಲ್ಯಾಂಡ್ ಪ್ರಾಂತಕ್ಕೆ ಹೊರಟಿದ್ದ ವರ್ತಕರ ಹಡಗು ಗಾಳಿಯಿಲ್ಲದೆ ಥೇಮ್ಸ್ ನದಿಯಲ್ಲಿ ನಿಂತಿತು. ಅವರಲ್ಲೊಬ್ಬ ದಡಕ್ಕಿಳಿದು ಒಂದು ಮನೆಯಲ್ಲಿ 'ಎಗ್ಸ್' ಬೇಕೆಂದ. ಮನೆಯೊಡತಿ, ನನಗೆ ಫ್ರೆಂಚ್ ಬಾರದು ಎಂದಳು. ಅವನಿಗೆ ಸಿಟ್ಟು ಬಂತು, ಏಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ! ಕೊನೆಗೆ ಇನ್ನೊಬ್ಬ 'ಐರನ್' ಎಂದ ಮೇಲೆ ಅವಳಿಗೆ ಮೊಟ್ಟೆ ಎಂದು ತಿಳಿಯಿತು. ಆ ದಕ್ಷಿಣ ಇಂಗ್ಲೆಂಡಿನ ಹೆಂಗಸಿನ ಶಬ್ದ ಇಂಗ್ಲಿಷಿನಲ್ಲಿ ಸತ್ತುಹೋಯಿತು. ಐಂಡ್‌ಹೋವನ್ನಿನ ಅಂಗಡಿಯಲ್ಲಿ ಇಂದೂ ಮೊಟ್ಟೆಗಳಿಗೆ 'ಐಯರನ್' ಎನ್ನುತ್ತಾರೆ. ಯಾವ ರೂಪವನ್ನು ಅಚ್ಚು ಹಾಕಬೇಕು ಎಂಬ ಕ್ಯಾಕ್ಸ್‌ಟನ್ನನ ಪೇಚಾಟ ಇದರಿಂದ ಅರ್ಥವಾಗುತ್ತದೆ. ಹೇಗೋ ಒಂದನ್ನು ಆರಿಸಬೇಕಾಗಿತ್ತು. ಆರಿಸಿದ್ದು ಹಾಗೆಯೇ ಕಲ್ಲಾಯಿತು. ಆಮೇಲೆ ಬಂದ ಪಂಡಿತರು ಇನ್ನಷ್ಟು ಕಲ್ಲು ಹೇರಿದರು. ಸಾಲ ಎಂಬರ್ಥದ 'ಡೆಟ್' ಶಬ್ದಕ್ಕೆ ಲ್ಯಾಟಿನ್ ಮೂಲವನ್ನು ತೋರಿಸಲೆಂದು ಒಂದು 'ಬಿ' ಸೇರಿಸಿದರು. ದ್ವೀಪ ಎಂಬರ್ಥದ 'ಐಲೆಂಡ್' ಲ್ಯಾಟಿನ್ ಶಬ್ದವೇ ಅಲ್ಲ. ಆದರೂ ಅದಕ್ಕೊಂದು 'ಎಸ್' ತುರುಕಿದರು. ಡಚ್ಚರ 'ಐಲಂಟ್'ನಲ್ಲಿ ಆ ಉಪದ್ರವವಿಲ್ಲ.

ಡಚ್ಚರು ಮಾಡಿದ್ದು ಬೇರೆ. ಮಧ್ಯಯುಗದಲ್ಲಿ ಅವರ ಮಾತಿನಲ್ಲಿ ಕೆಲವು ಕಡೆ ಲಕಾರ ಕರಗಿ ಉಕಾರವಾಯಿತು. ಇಂಗ್ಲಿಷಿನ ಓಲ್ಡ್, ಕೋಲ್ಡ್, ಸಾಲ್ಟ್ ಅವರಲ್ಲಿ ಔಟ್, ಕೌಟ್, ಜೌಟ್. ಲಕಾರ ಬಾಯಿಂದ ಹೋದ ಮೇಲೆ ಅವರು ಅದನ್ನು ಬರೆಯಲೂ ಇಲ್ಲ. ಇಂಗ್ಲಿಷಿನವರಾದರೋ 'ಹಾಫ್', 'ಟಾಕ್' ಎನ್ನುತ್ತ 'ಎಲ್' ಬರೆಯುತ್ತಲೇ ಇದ್ದಾರೆ. ಕನ್ನಡದಲ್ಲಿ ನಾವು ಡಚ್ಚರ ದಾರಿಯನ್ನೇ ಹಿಡಿದೆವು. ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು. ನಾಲಿಗೆ ಬದಲಾದಂತೆ ಲೇಖನಿಯೂ ಬದಲಾಯಿತು. ಱ, ೞ ಎಂಬ ಎರಡು ಅಕ್ಷರಗಳನ್ನೇ ನಾವು ನಿತ್ಯದ ಬರಹದಿಂದ ಬೀಳ್ಕೊಟ್ಟೆವು. 'ಪಾಲು' ಎಂದು ಬರೆದು 'ಹಾಲು' ಎಂದು ಓದಬೇಕೆಂಬ ನಿಯಮವಿದ್ದಿದ್ದರೆ ನಮ್ಮ ಒಂದನೆಯ ತರಗತಿಯ ಮಕ್ಕಳ ಗತಿ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. ಇಂಗ್ಲಿಷ್ ಮಕ್ಕಳಿಗೆ ಇರುವುದು ಅದೇ ನಿಯಮ.

ಡಚ್ಚರ ಬರಹ ತಾನಾಗಿ ಸರಿಹೋಯಿತೆಂದು ಭಾವಿಸಬೇಡಿ. ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸೀಖನ್‌ಬೇಕ್ ರೂಪಿಸಿದ ಕಾಗುಣಿತವನ್ನು ಸರ್ಕಾರ 1804ರಲ್ಲಿ ಅಧಿಕೃತವಾಗಿ ಅಂಗೀಕರಿಸಿತು. 1860ರ ದಶಕದಲ್ಲಿ ದೊಡ್ಡ ನಿಘಂಟಿನ ಕೆಲಸಕ್ಕೆ ಕುಳಿತ ದ ವ್ರೀಸ್ ಮತ್ತು ತ ವಿಂಕಲ್ ಎಂಬ ವಿದ್ವಾಂಸರು ಇನ್ನೊಂದನ್ನು ರೂಪಿಸಿದರು. (ಆ ನಿಘಂಟು ಮುಗಿದದ್ದು 1998ರಲ್ಲಿ!) ಅವರು ಪಾಂಡಿತ್ಯದ ಪಕ್ಷಪಾತಿಗಳು. ಓಡುವುದು ಎಂಬರ್ಥದ 'ಲೋಪನ್' ಶಬ್ದಕ್ಕೆ ಎರಡು 'ಓ', ಆಶಿಸುವುದು ಎಂಬರ್ಥದ 'ಹೋಪನ್' ಶಬ್ದಕ್ಕೆ ಒಂದೇ 'ಓ' ಎಂಬುದು ಅವರ ನಿಯಮ. ಕಿವಿಗೆ ಎರಡೂ ಓಕಾರ ಒಂದೇ. ಸಾವಿರ ವರ್ಷದ ಹಿಂದೆ ಬೇರೆಯಾಗಿದ್ದುವು ಎಂಬುದಷ್ಟೇ ಕಾರಣ.

ಇದರ ವಿರುದ್ಧ ಎದ್ದವರು ಒಬ್ಬ ಶಾಲಾ ಅಧ್ಯಾಪಕರು. ಅವರ ಹೆಸರು ಕೊಲೆವೈನ್, ಆಂಸ್ಟರ್‌ಡ್ಯಾಮಿನಲ್ಲಿ ಡಚ್ ಭಾಷೆ ಕಲಿಸುತ್ತಿದ್ದವರು. 1891ರಲ್ಲಿ 'ನಮ್ಮ ತೊಡಕಿನ ಕಾಗುಣಿತ' ಎಂಬರ್ಥದ ಶೀರ್ಷಿಕೆಯಲ್ಲಿ ಒಂದು ಲೇಖನ ಬರೆದರು. ಯಾರೂ ಮಾತಿನಲ್ಲಿ ಮಾಡದ ಭೇದವನ್ನು ಬರಹದಲ್ಲಿ ಮಾಡಿಸಲು ಮಕ್ಕಳನ್ನು ವರ್ಷಗಟ್ಟಲೆ ದುಡಿಸಬಾರದು ಎಂಬುದು ಅವರ ವಾದದ ತಿರುಳು. ಅನವಶ್ಯಕ ಇಮ್ಮಡಿ ಸ್ವರಗಳು ಬೇಡ, ಮನುಷ್ಯ ಎಂಬರ್ಥದ 'ಮೆನ್ಸ್' ಶಬ್ದದ ಕೊನೆಯಲ್ಲಿ ಕೇಳಿಸದ 'ಸಿ-ಎಚ್' ಬೇಡ, ಮಾತಿನಲ್ಲಿ ಎಂದೋ ಸತ್ತ ವಿಭಕ್ತಿಯ ನಕಾರ ಬೇಡ. ಅಷ್ಟೇ. ಆದರೆ ಅದಕ್ಕೆ ಎದ್ದ ಗದ್ದಲ ಅರ್ಧ ಶತಮಾನ ನಡೆಯಿತು. ತಾಯ್ನುಡಿಯನ್ನು ಕೆಡಿಸಿದ ಎಂದರು, ಅಶಿಕ್ಷಿತರ ಬರಹ ಎಂದರು. 1934ರಲ್ಲಿ ಶಿಕ್ಷಣ ಸಚಿವರು ಶಾಲೆಗಳಲ್ಲಿ ಸರಳ ಬರಹಕ್ಕೆ ಅವಕಾಶ ಕೊಟ್ಟರು. ಸರ್ಕಾರದ ಕಚೇರಿಗಳು ಮಾತ್ರ ಹಳೆಯದನ್ನೇ ಬಿಗಿಹಿಡಿದವು. ಶಾಲೆಯಲ್ಲಿ ಸರಿಯಾದದ್ದು ಅರ್ಜಿಯಲ್ಲಿ ತಪ್ಪು! ಕೊನೆಗೆ ಬೆಲ್ಜಿಯಂ 1946ರಲ್ಲಿ, ನೆದರ್‌ಲ್ಯಾಂಡ್ಸ್ 1947ರಲ್ಲಿ ಹೊಸ ಕಾಗುಣಿತವನ್ನು ಕಾನೂನಾಗಿ ಅಂಗೀಕರಿಸಿದವು. ಕೊಲೆವೈನ್ 1942ರಲ್ಲಿಯೇ ತೀರಿಕೊಂಡಿದ್ದರು. ಮೇಷ್ಟರೊಬ್ಬರ ದೂರು ದೇಶದ ಕಾನೂನಾದ ಇಂಥ ಉದಾಹರಣೆ ನನಗೆ ಇನ್ನೊಂದು ಗೊತ್ತಿಲ್ಲ.

ಇಂಗ್ಲೆಂಡಿನಲ್ಲಿಯೂ ಪ್ರಯತ್ನ ನಡೆಯದೆ ಇರಲಿಲ್ಲ. 1949ರಲ್ಲಿ ಮಾಂಟ್ ಫಾಲಿಕ್ ಎಂಬ ಸದಸ್ಯರು ಕಾಗುಣಿತ ಸುಧಾರಣೆಯ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸಿದರು. ಪರವಾಗಿ 84 ಮತ, ವಿರುದ್ಧವಾಗಿ 87. ಮೂರು ಮತಗಳು ಅತ್ತಿತ್ತ ಆಗಿದ್ದರೆ ಏನಾಗುತ್ತಿತ್ತೋ! ಏನೂ ಆಗುತ್ತಿರಲಿಲ್ಲವೆಂದು ನನ್ನ ಅನುಮಾನ. ಆ ವೇಳೆಗೆ ಇಂಗ್ಲಿಷ್ ಹಲವು ದೇಶಗಳ ಸೊತ್ತಾಗಿತ್ತು. ಲಂಡನ್ನಿನಲ್ಲಿ ಮಾಡಿದ ಕಾನೂನನ್ನು ನ್ಯೂಯಾರ್ಕ್ ಏಕೆ ಕೇಳಬೇಕು? ಡಚ್ ಕಾಗುಣಿತದ ವಿಷಯದಲ್ಲಿ ಮುಖ್ಯವಾಗಿ ಎರಡು ನೆರೆಯ ಸರ್ಕಾರಗಳು ಕುಳಿತು ಮಾತನಾಡಿದರೆ ಸಾಕಾಗಿತ್ತು. 1980ರಲ್ಲಿ ಅವೆರಡೂ ಒಪ್ಪಂದ ಮಾಡಿಕೊಂಡು ಭಾಷೆಗೆಂದೇ ಒಂದು ಜಂಟಿ ಸಂಸ್ಥೆಯನ್ನೂ ಸ್ಥಾಪಿಸಿದವು.

ಹಾಗೆಂದು ಡಚ್ ಮಕ್ಕಳು ಸುಖವಾಗಿದ್ದಾರೆಂದು ಹೇಳಲಾರೆ. 'ಇ-ಐ' ಮತ್ತು 'ಐ-ಜೆ' ಎಂಬ ಎರಡು ಜೋಡಿಗಳಿಗೆ ಒಂದೇ ಉಚ್ಚಾರಣೆ. ಯಾವ ಶಬ್ದಕ್ಕೆ ಯಾವುದೆಂದು ಬಾಯಿಪಾಠ ಮಾಡಬೇಕು. ಪದದ ಕೊನೆಯ ದಕಾರ ಅವರ ಬಾಯಲ್ಲಿ ತಕಾರವಾಗುತ್ತದೆ, ಬರಹದಲ್ಲಿ ದಕಾರವೇ ಉಳಿಯುತ್ತದೆ. ಕೈಗೆ 'ಹಂಟ್' ಎನ್ನುತ್ತಾರೆ, ಬಹುವಚನದಲ್ಲಿ 'ಹಂಡನ್' ಎಂದಾಗ ದಕಾರ ಮತ್ತೆ ತಲೆಯೆತ್ತುತ್ತದೆ. ಇದರಿಂದಾಗಿ ಕೆಲವು ಕ್ರಿಯಾಪದಗಳ ಕೊನೆಯಲ್ಲಿ 'ಡಿ' ಬರೆಯಬೇಕೋ 'ಡಿ-ಟಿ' ಬರೆಯಬೇಕೋ ಎಂಬುದು ಅಲ್ಲಿನ ಮೇಷ್ಟರುಗಳ ನಿತ್ಯದ ತಲೆನೋವು. 1990ರಿಂದ 2016ರವರೆಗೆ ಅಲ್ಲಿ ವರ್ಷಕ್ಕೊಮ್ಮೆ ದೂರದರ್ಶನದಲ್ಲಿ ಮಹಾ ಉಕ್ತಲೇಖನವೆಂಬ ಸ್ಪರ್ಧೆ ನಡೆಯುತ್ತಿತ್ತು. ಲೇಖಕರು, ರಾಜಕಾರಣಿಗಳು ಸಹ ಕುಳಿತು ಬರೆದು ಧಾರಾಳವಾಗಿ ತಪ್ಪು ಮಾಡುತ್ತಿದ್ದರು. 1995ರಲ್ಲಿ ದೋಸೆಯಂಥ ತಮ್ಮ 'ಪನ್ನಕೂಕ್' ಎಂಬ ತಿಂಡಿಯ ಹೆಸರಿನ ನಡುವೆ ಒಂದು ನಕಾರ ಸೇರಿಸಬೇಕೆಂದು ಅಧಿಕೃತ ಆದೇಶ ಬಂದಾಗ ಜನ ರೇಗಿದರು. 2006ರಲ್ಲಿ ಹಲವು ಪ್ರಮುಖ ಪತ್ರಿಕೆಗಳು ಸರ್ಕಾರದ 'ಹಸಿರು ಪುಸ್ತಕ'ವನ್ನು ಪಕ್ಕಕ್ಕಿಟ್ಟು ಬೇರೆಯದೇ ಆದ 'ಬಿಳಿ ಪುಸ್ತಕ'ವನ್ನು ಅನುಸರಿಸತೊಡಗಿದವು. ತಿದ್ದುವ ಅಧಿಕಾರ ಕೈಗೆ ಬಂದರೆ ತಿದ್ದುತ್ತಲೇ ಇರಬೇಕೆಂಬ ಚಪಲವೂ ಬರುತ್ತದೆ.

ಡಚ್ ಕಾಗುಣಿತ ಅವರ ವಸಾಹತಿಗೂ ಹೋಯಿತು. ಇಂಡೊನೇಷ್ಯಾದ ಮಲಯ ಭಾಷೆಗೆ 1901ರಲ್ಲಿ ರೋಮನ್ ಅಕ್ಷರಗಳ ಪದ್ಧತಿಯನ್ನು ಗೊತ್ತುಮಾಡಿದವರು ಡಚ್ಚರು. ಹಾಗಾಗಿ ಸುಕರ್ಣೊ, ಸುರಬಾಯ ಮೊದಲಾದ ಹೆಸರುಗಳ ಉಕಾರಕ್ಕೆಲ್ಲ 'ಓ-ಇ' ಎಂಬ ಜೋಡಿ ಬಂತು. ನೆದರ್‌ಲ್ಯಾಂಡ್ಸಿನಲ್ಲಿ ಕೊಲೆವೈನರ ಸುಧಾರಣೆ ಕಾನೂನಾದ 1947ರಲ್ಲಿಯೇ, ಡಚ್ಚರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಇಂಡೊನೇಷ್ಯಾ ಗಣರಾಜ್ಯ ಆ ಜೋಡಿಯನ್ನು ತೆಗೆದು ಬರಿಯ 'ಯು' ಬರೆಯಲು ಆರಂಭಿಸಿತು. ಆ ಸುಧಾರಣೆ ತಂದ ಸಚಿವ ಸುವಂದಿಯವರ ಹೆಸರಿನಲ್ಲಿಯೇ ಹಳೆಯ ಜೋಡಿಯಿತ್ತು. ರಾಷ್ಟ್ರಪತಿ ಸುಕರ್ಣೊ ತಮ್ಮ ಆತ್ಮಕಥೆಯಲ್ಲಿ ಈ ವಿಷಯ ಪ್ರಸ್ತಾಪಿಸಿದ್ದಾರೆ: ಹೆಸರನ್ನು ಈಗ 'ಯು' ಹಾಕಿಯೇ ಬರೆಯಬೇಕು, ಆದರೆ ಶಾಲೆಯಲ್ಲಿ ಕಲಿತ ಸಹಿಯನ್ನು ಐವತ್ತು ದಾಟಿದ ಮೇಲೆ ಬದಲಾಯಿಸುವುದು ಸುಲಭವಲ್ಲ ಎಂದು. ಡಚ್ಚರನ್ನು ದೇಶದಿಂದ ಹೊರಗೆ ಕಳಿಸಿದ ಮೇಲೂ ಅವರು ಸಹಿ ಹಾಕುವಾಗ ಡಚ್ಚರ 'ಓ-ಇ' ಬರೆಯುತ್ತಲೇ ಇದ್ದರು.